ಬ್ಲೇಡು ಬೇಡ, ಹಬ್ಬ ಇರಲಿ

ಕೀನ್ಯಾದ ದಕ್ಷಿಣದಲ್ಲಿ, ಕಿಲಿಮಾಂಜಾರೋ ಬೆಟ್ಟದ ಹತ್ತಿರ ಕಿಮಾನಾ ಎಂಬ ಊರಿದೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಎಂಟು ವರ್ಷದ, ಮಸಾಯಿ ಬುಡಕಟ್ಟಿನ ಹುಡುಗಿಯೊಬ್ಬಳು ಅಲ್ಲಿ ಒಂದು ದಿನ ಬೆಳಗಾಗುವ ಮುಂಚೆಯೇ ಎದ್ದು, ಅಕ್ಕನ ಜೊತೆ ಓಡಿಹೋಗಿ ಮರ ಹತ್ತಿ ಅಡಗಿ ಕೂತಳು. ಬೆಳಕು ಹರಿದರೆ ಇಬ್ಬರ ಜನನಾಂಗಕ್ಕೂ ಬ್ಲೇಡು ಬೀಳುವುದಿತ್ತು. ಕೊನೆಗೆ ತಾತ ಅವಳ ಮಾತಿಗೆ ಮಣಿದರು. ಅಕ್ಕನಿಗೆ ಮಾತ್ರ ತಪ್ಪಲಿಲ್ಲ.

ಆ ಹುಡುಗಿಯೇ ನೈಸ್ ನೈಲಾಂಟೆಯಿ ಲೆಂಗೆಟೆ. 2018ರಲ್ಲಿ ಟೈಮ್ ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು.

ಮಸಾಯಿಗಳಲ್ಲಿ ಹುಡುಗಿಯ ತಲೆ ಬೋಳಿಸಿ, ಅಂಗ ಕತ್ತರಿಸಿದ ಮೇಲೇ ಅವಳು ಹೆಂಗಸು. ಆಮೇಲೆ ಮದುವೆ. ತವರಿಗೆ ವಧುದಕ್ಷಿಣೆಯಾಗಿ ದನಕರು ಬರುತ್ತವೆ, ಹುಡುಗಿಯ ಶಾಲೆ ಅಲ್ಲಿಗೇ ನಿಲ್ಲುತ್ತದೆ. ರಕ್ತಸ್ರಾವ, ಸೋಂಕು, ಮುಂದೆ ಹೆರಿಗೆಯಲ್ಲಿ ತೊಂದರೆ ಎಲ್ಲ ಅವಳ ಪಾಲಿಗೆ. ಹಾಗಂತ ತಾಯಂದಿರನ್ನು ಕಟುಕರು ಅಂದುಬಿಡುವುದು ಸುಲಭ, ಆದರೆ ಅದು ಸರಿಯಲ್ಲ. ಮಗಳನ್ನು ಹಾಗೇ ಬಿಟ್ಟರೆ ಯಾರೂ ಮದುವೆಯಾಗಲ್ಲ, ಊರು ಆಡಿಕೊಳ್ಳುತ್ತದೆ ಅನ್ನುವ ಭಯ ಅವರದು.

ಬರೀ ನಿಷೇಧದಿಂದ ಇದು ನಿಲ್ಲಲ್ಲ ಅನ್ನುವುದಕ್ಕೆ ಹಳೆಯ ಸಾಕ್ಷಿಯೇ ಇದೆ. 1956ರಲ್ಲಿ, ಬ್ರಿಟಿಷರ ಕಾಲದಲ್ಲಿ, ಕೀನ್ಯಾದ ಇನ್ನೊಂದು ಬುಡಕಟ್ಟಾದ ಮೇರು ಜನರ ಹಿರಿಯರ ಮಂಡಳಿ ಇದನ್ನು ನಿಷೇಧಿಸಿತು. ಹಠ ಹಿಡಿದ ಹುಡುಗಿಯರು ತಾವೇ ಬ್ಲೇಡು ಹಿಡಿದು ಕತ್ತರಿಸಿಕೊಂಡರು! ಅದೇ ಮೇರು ಸೀಮೆಯ ಥರಾಕಾದಲ್ಲಿ 1996ರಲ್ಲಿ ಬೇರೆ ದಾರಿ ಹುಟ್ಟಿತು. ಹುಡುಗಿಯರನ್ನು ಕೆಲವು ದಿನ ಒಟ್ಟಿಗೆ ಇಟ್ಟು, ದೊಡ್ಡವರಾಗುವುದೆಂದರೆ ಏನು ಅಂತ ಕಲಿಸಿ, ಊರೆಲ್ಲ ಸೇರಿ ಹಬ್ಬ ಮಾಡುವುದು. ಕತ್ತರಿಸುವುದು ಮಾತ್ರ ಇಲ್ಲ. ಅದಕ್ಕೆ 'ಮಾತಿನ ಸುನ್ನತಿ' ಅನ್ನುವ ಅರ್ಥದ ಹೆಸರಿಟ್ಟರು.

ಮಸಾಯಿ ಸೀಮೆಯ ನರೋಕ್‌ನಲ್ಲಿ ಆಗ್ನೆಸ್ ಪರೆಯಿಯೊ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗುತ್ತಿದ್ದರು. ಚೀಲದಲ್ಲಿ ಮರದಲ್ಲಿ ಕೆತ್ತಿದ ಹೆಣ್ಣಿನ ಅಂಗದ ಮಾದರಿ. ಬಿಡಿ ಭಾಗಗಳನ್ನು ಬದಲಿಸುತ್ತಾ, ಮೊದಲು ಹೀಗಿರುತ್ತದೆ, ಕತ್ತರಿಸಿದ ಮೇಲೆ ಹೀಗಾಗುತ್ತದೆ, ಹೆರಿಗೆಯಲ್ಲಿ ಇಲ್ಲಿ ಹರಿಯುತ್ತದೆ ಅಂತ ತೋರಿಸುತ್ತಿದ್ದರು. ಬಾಯಿ ಬಿಟ್ಟು ಹೇಳಲಾಗದ್ದನ್ನು ಆ ಮರದ ತುಂಡು ಹೇಳುತ್ತಿತ್ತು. 2002ರಲ್ಲಿ ಅವರು ಓಡಿಬಂದ ಹುಡುಗಿಯರಿಗಾಗಿ ಒಂದು ಆಸರೆ ಮನೆ ತೆರೆದರು. ಹೆಸರು ತಸಾರು ಎನ್ತೊಮೊನೊಕ್, ಅಂದರೆ 'ಹೆಂಗಸರನ್ನು ಕಾಪಾಡಿ'.

ಕೀನ್ಯಾದ ಕಾನೂನು 2001ರಲ್ಲಿ ಮಕ್ಕಳಿಗೆ ಮಾತ್ರ ರಕ್ಷಣೆ ಕೊಟ್ಟಿತ್ತು. 2011ರ ಕಾಯ್ದೆ ಎಲ್ಲ ವಯಸ್ಸಿನವರಿಗೂ ಅನ್ವಯಿಸಿತು. ಕನಿಷ್ಠ ಮೂರು ವರ್ಷ ಜೈಲು ಅಥವಾ ದಂಡ, ಇಲ್ಲವೇ ಎರಡೂ; ಕತ್ತರಿಸಿಕೊಂಡವಳು ಸತ್ತರೆ ಜೀವಾವಧಿಯವರೆಗೂ ಶಿಕ್ಷೆ. ಕತ್ತರಿಸಿಕೊಳ್ಳದ ಹೆಂಗಸನ್ನು ಹೀಯಾಳಿಸುವುದೂ ಅಪರಾಧ. ಈ ಕೊನೆಯದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಭಯ ಹುಟ್ಟುವುದೇ ಆ ಮಾತುಗಳಿಂದ ಅಲ್ವಾ? ಆದರೂ ಕೆಲವರು ಗುಟ್ಟಾಗಿ ಮಾಡತೊಡಗಿದರು, ಇನ್ನು ಕೆಲವರು ಗಡಿ ದಾಟಿ ಟಾಂಜಾನಿಯಾಕ್ಕೆ ಹೋದರು. ಅಲ್ಲೂ 1998ರಿಂದ ಹದಿನೆಂಟರ ಒಳಗಿನ ಹುಡುಗಿಯರಿಗೆ ಹಾಗೆ ಮಾಡುವುದು ಅಪರಾಧವೇ.

ಹಾಗಾಗಿ ಗಂಡಸರ ಮನಸ್ಸು ತಿರುಗದೆ ದಾರಿಯಿರಲಿಲ್ಲ. ಹಿರಿಯರ ಮುಂದೆ ಹೆಣ್ಣು ಮಾತಾಡುವ ವಾಡಿಕೆಯಿಲ್ಲ. ನೈಸ್ ಮೊದಲು ಯುವಕರ ಜೊತೆ ಕೂತರು, ವರ್ಷಗಟ್ಟಲೆ ಕಾದರು. ಕೊನೆಗೆ ಹಿರಿಯರು ನಾಯಕತ್ವದ ಗುರುತಾದ ಕರಿ ಕೋಲನ್ನು ಅವರ ಕೈಗೇ ಕೊಟ್ಟರು. ಆಮ್ರೆಫ್ ಎಂಬ ಆರೋಗ್ಯ ಸಂಸ್ಥೆಯ ಜೊತೆ ಅವರು ನಡೆಸಿದ ಹೊಸ ಹಬ್ಬದಲ್ಲಿ ಮಣಿಸರ, ಹಾಡು, ಹಿರಿಯರ ಆಶೀರ್ವಾದ ಎಲ್ಲ ಹಾಗೇ ಇವೆ. ರಾತ್ರಿ ಹುಡುಗಿಯರು ಮೇಣದ ಬತ್ತಿ ಹಿಡಿದು ಸಾಲಾಗಿ ನಡೆಯುತ್ತಾರೆ.

ಕೀನ್ಯಾದ ಲೈಕಿಪಿಯಾದಲ್ಲಿ ಇದೇ ಮಾತು ಕ್ರಿಕೆಟ್ ಜೊತೆ ಬಂತು. ಕೆಂಪು ಬಟ್ಟೆ, ಮಣಿಸರ ಹಾಕಿಕೊಂಡೇ ಆಡುವ ಮಸಾಯಿ ಕ್ರಿಕೆಟ್ ವಾರಿಯರ್ಸ್ ತಂಡದ ಹುಡುಗರು 2013ರಲ್ಲಿ ಇಂಗ್ಲೆಂಡಿಗೂ ಹೋಗಿ ಆಡಿದರು. ಕತ್ತರಿಸುವುದು ನಿಲ್ಲಲಿ ಅಂತ ತಮ್ಮ ಊರಿನ ಹಿರಿಯರ ಮುಂದೆ ವಾದಿಸಿದವರೂ ಇದೇ ಹುಡುಗರು.

ಕೀನ್ಯಾದಲ್ಲಿ 1998ರಲ್ಲಿ ಶೇ. 38 ಹೆಂಗಸರು ಇದಕ್ಕೆ ಒಳಗಾಗಿದ್ದರು. 2022ರ ಹೊತ್ತಿಗೆ ಅದು ಶೇ. 15ಕ್ಕೆ ಇಳಿಯಿತು. ಆದರೆ 2014ರ ಸಮೀಕ್ಷೆಯಲ್ಲೂ ಮಸಾಯಿಗಳಲ್ಲಿ ಅದು ಶೇ. 78 ಇತ್ತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಮತ್ತೆ ಬ್ಲೇಡುಗಳು ಹೊರಬಂದವು. ಡಿಸೆಂಬರಿನ ಉದ್ದ ರಜೆ ಇಂದಿಗೂ ಹುಡುಗಿಯರಿಗೆ ಅಪಾಯದ ಕಾಲವೇ.