ಎರಡು ಸೆಕೆಂಡಿನ ಸದ್ದು, ಕಾಲು ಶತಮಾನದ ದಾವೆ

ಬೇರೆಯವರ ಧ್ವನಿಮುದ್ರಣದಿಂದ ಎರಡೇ ಸೆಕೆಂಡಿನ ತುಣುಕು ಎತ್ತಿಕೊಂಡರೆ ತಪ್ಪೇ? ಕ್ರಾಫ್ಟ್‌ವರ್ಕ್ ಎಂಬ ಸಂಗೀತ ತಂಡ ಹೂಡಿದ ದಾವೆಯಲ್ಲಿ ಜರ್ಮನಿಯ ನ್ಯಾಯಾಲಯಗಳು ಇದಕ್ಕೆ ಹೌದು ಎಂದೂ ಅಲ್ಲ ಎಂದೂ ಹೇಳಿವೆ.

ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಶ್ನೈಡರ್ 1970ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಕಟ್ಟಿದ ತಂಡವಿದು. ಆರಂಭದಲ್ಲಿ ಶ್ನೈಡರ್ ಕೊಳಲು ನುಡಿಸುತ್ತಿದ್ದರು. 1974ರ 'ಆಟೋಬಾನ್' (ಹೆದ್ದಾರಿ) ಆಲ್ಬಮ್ ಹೊತ್ತಿಗೆ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯ ಮುಂದೆ ಬಂದಿತ್ತು. ಹೆದ್ದಾರಿಯ ಪಯಣವನ್ನು ಅವರು ಇಪ್ಪತ್ತೆರಡು ನಿಮಿಷಕ್ಕೂ ಮಿಕ್ಕಿ ನುಡಿಸಿದರು. ಮುಂದೆ ವೇದಿಕೆಯ ಮೇಲೆ ತಮ್ಮ ಬದಲಿಗೆ ರೋಬೋಗಳನ್ನೇ ನಿಲ್ಲಿಸಿದರು. ಹೀಗೆ ತಮ್ಮನ್ನು ಯಂತ್ರವೆಂದು ಸಾರಿಕೊಂಡವರೇ ಯಂತ್ರದಿಂದ ಹೊರಟ ಸದ್ದಿಗೆ ಒಡೆತನ ಕೇಳಿದ್ದು ತಮಾಷೆಯಾಗಿ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಸದ್ದನ್ನು ಹದಗೊಳಿಸುವುದೇ ಅವರ ಕಸುಬಾಗಿತ್ತು.

1977ರ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್' ಆಲ್ಬಮ್‌ನಲ್ಲಿ 'ಮೆಟಾಲ್ ಔಫ್ ಮೆಟಾಲ್' ಎಂಬ ರಚನೆಯಿದೆ. ಲೋಹಕ್ಕೆ ಲೋಹ ಬಡಿದಂಥ ತಾಳ. 1982ರಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ ಅದೇ ಆಲ್ಬಮ್‌ನ ಶೀರ್ಷಿಕೆ ಗೀತೆಯ ರಾಗವನ್ನು ತಮ್ಮ ಹಾಡಿಗೆ ತಂದರು, ಆದರೆ ಹೊಸದಾಗಿ ನುಡಿಸಿ. 1997ರಲ್ಲಿ ಜರ್ಮನಿಯ ಸಂಗೀತ ನಿರ್ಮಾಪಕ ಮೋಸೆಸ್ ಪೆಲ್ಹಾಮ್ ಹಾಗೆ ಮಾಡಲಿಲ್ಲ. ಲೋಹದ ತಾಳದ ಮುದ್ರಣವನ್ನೇ ಕತ್ತರಿಸಿ, ಸಬ್ರಿನಾ ಸೆಟ್ಲೂರ್ ಅವರ ರ‍್ಯಾಪ್ ಹಾಡಿನ ಉದ್ದಕ್ಕೂ ಮರುಕಳಿಸುವಂತೆ ಜೋಡಿಸಿದರು. ವ್ಯಾಜ್ಯದ ಮೂಲ ಇಲ್ಲಿದೆ: ರಾಗದ ಹಕ್ಕು ಬೇರೆ, ಮುದ್ರಿತ ಧ್ವನಿಯ ಹಕ್ಕು ಬೇರೆ.

ಹ್ಯಾಂಬರ್ಗ್ ನ್ಯಾಯಾಲಯ 2004ರಲ್ಲಿ ಕ್ರಾಫ್ಟ್‌ವರ್ಕ್ ಪರ ನಿಂತಿತು. 2012ರಲ್ಲಿ ಕಾರ್ಲ್ಸ್‌ರೂಹೆಯ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಂಥದ್ದೇ ತಾಳವನ್ನು ಸ್ವತಃ ನುಡಿಸಿಕೊಳ್ಳಲು ಸಾಧ್ಯವಿದ್ದಾಗ ಪರರ ಮುದ್ರಣಕ್ಕೆ ಕೈಹಾಕುವಂತಿಲ್ಲ ಎಂದಿತು. 2016ರಲ್ಲಿ ಅದೇ ಊರಿನ ಸಂವಿಧಾನ ನ್ಯಾಯಾಲಯ ಕಲಾಸ್ವಾತಂತ್ರ್ಯದ ಹೆಸರಿನಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಪ್ರಕರಣ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯಕ್ಕೆ ಹೋದಾಗ, ಕೇಳಿದರೆ ಗುರುತು ಸಿಗದಷ್ಟು ಬದಲಿಸದಿದ್ದರೆ ಅನುಮತಿ ಬೇಕೇ ಬೇಕು ಎಂದು 2019ರಲ್ಲಿ ಉತ್ತರ ಬಂತು.

ಶ್ನೈಡರ್ 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಮತ್ತೆ ಹ್ಯಾಂಬರ್ಗ್‌ಗೆ ಕಳುಹಿಸಿತು. 2022ರಲ್ಲಿ ಅಲ್ಲಿ ಹೊರಬಿದ್ದ ತೀರ್ಪು ವಿಚಿತ್ರವಾಗಿದೆ: 2002ರ ಡಿಸೆಂಬರ್‌ನಿಂದ 2021ರ ಜೂನ್‌ವರೆಗಿನ ಬಳಕೆ ತಪ್ಪು, ಆಮೇಲಿನದು ಸರಿ. ಹಾಡು ಅದೇ, ತಾಳವೂ ಅದೇ! ಅನುಮತಿಯಿಲ್ಲದೆಯೇ 'ಪಾಸ್ಟಿಶ್' (ಬೇರೆ ಕೃತಿಯ ಅಂಶ ಅಥವಾ ಶೈಲಿಯನ್ನು ಎರವಲು ಪಡೆದ ರಚನೆ) ರಚಿಸಲು ಜರ್ಮನಿಯ ಹೊಸ ಕಾನೂನು ಅವಕಾಶ ಕೊಟ್ಟದ್ದೇ ಕಾರಣ. ಈ ವಿನಾಯಿತಿ ಕಲೆಯ ಎಲ್ಲ ಎರವಲಿಗೂ ಅನ್ವಯಿಸುತ್ತದೆಯೇ, ಇಲ್ಲವೇ ಹಾಸ್ಯ, ಶೈಲಿಯ ಅನುಕರಣೆ, ಮೂಲಕ್ಕೆ ಗೌರವ ಇವುಗಳಲ್ಲಿ ಒಂದಾದರೂ ಕಾಣಬೇಕೇ ಎಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಮತ್ತೊಮ್ಮೆ ಲಕ್ಸೆಂಬರ್ಗ್ ಅನ್ನು ಕೇಳಿತು.