ಸಾಹೇಬರು ರಜೆಯಲ್ಲಿರುವಾಗ ಕಚೇರಿಯಲ್ಲಿ ಹಗುರಾಗಿರುವುದು ತಪ್ಪೇ?

ಪ್ರಶ್ನೆ: ನಮ್ಮ ಮ್ಯಾನೇಜರ್ ರಜೆ ಹಾಕಿದ ದಿನ ನಮ್ಮ ವಿಭಾಗದಲ್ಲಿ ಹಬ್ಬದ ಕಳೆ ಇರುತ್ತದೆ. ಎಲ್ಲರೂ ಒಟ್ಟಿಗೆ ಕಾಫಿಗೆ ಹೋಗುತ್ತೇವೆ, ನಿಧಾನವಾಗಿ ಊಟ ಮಾಡುತ್ತೇವೆ, ಸಂಜೆ ಅರ್ಧ ಗಂಟೆ ಮುಂಚೆಯೇ ಹೊರಡುತ್ತೇವೆ. ಕೆಲಸವೇನೂ ಕೆಡುವುದಿಲ್ಲ. ಆದರೂ ಒಳಗೊಳಗೇ ಕದ್ದು ತಿಂದ ಅಳುಕು ಕಾಡುತ್ತದೆ. ಇದು ನಿಜವಾಗಿಯೂ ತಪ್ಪೇ?

ಉತ್ತರ: ನೀವು ಹೇಳಿರುವ ಸಂಗತಿಗಳೆಲ್ಲ ಒಂದೇ ಜಾತಿಯವಲ್ಲ. ಒಟ್ಟಿಗೆ ಕಾಫಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಹೇಳದೆ ಕೇಳದೆ ಬೇಗ ಹೊರಟುಬಿಡುವುದು ಬೇರೆಯೇ ಮಾತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿರುವುದರಿಂದ ನಿರಪರಾಧಿಯಾದ ಕಾಫಿಗೂ ಆ ಅಳುಕು ಅಂಟಿಕೊಂಡಿದೆ.

ಮೊದಲು ಆ ಹಗುರತನದ ವಿಷಯ. ಮೇಲಧಿಕಾರಿ ಎದುರಿಗಿದ್ದಾಗ ನೌಕರನಾದವನು ಎರಡು ಕೆಲಸಗಳನ್ನು ಮಾಡುತ್ತಿರುತ್ತಾನೆ: ಒಂದು, ಸಂಬಳಕ್ಕಾಗಿ ಮಾಡುವ ಕೆಲಸ, ಇನ್ನೊಂದು, ಕೆಲಸ ಮಾಡುತ್ತಿರುವಂತೆ ಕಾಣಿಸಿಕೊಳ್ಳುವ ಕೆಲಸ. ಸಾಹೇಬರು ರಜೆ ಹಾಕಿದ ದಿನ ಎರಡನೆಯದು ತಾನಾಗಿಯೇ ಬಿಟ್ಟುಹೋಗುತ್ತದೆ. ನಡುನಡುವೆ ಕರೆದು ಕೇಳುವವರಿಲ್ಲ, ದಿಢೀರ್ ಮೀಟಿಂಗುಗಳಿಲ್ಲ. ಆದ್ದರಿಂದಲೇ ಹರಟೆ ಹೊಡೆದರೂ ಮಧ್ಯಾಹ್ನದೊಳಗೆ ಫೈಲುಗಳು ಮುಗಿದಿರುತ್ತವೆ, ಮತ್ತು ನೀವು ಹೇಳುವ ‘ಕೆಲಸವೇನೂ ಕೆಡುವುದಿಲ್ಲ’ ಎಂಬ ಮಾತನ್ನು ನಾನು ನಂಬುತ್ತೇನೆ.

ಇದಕ್ಕೆ ಹತ್ತಿರದ ಸಂಗತಿಯೊಂದು ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ದಾಖಲಾಗಿದೆ. ದೂರವಾಣಿ ಸಲಕರಣೆಗಳನ್ನು ತಯಾರಿಸುತ್ತಿದ್ದ ಈ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಸರಣಿ ಪ್ರಯೋಗಗಳು ನಡೆದವು. 1927ರಲ್ಲಿ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳನ್ನು ಜೋಡಿಸುವ ಕೆಲವು ಯುವತಿಯರನ್ನು ದೊಡ್ಡ ವಿಭಾಗದಿಂದ ಬೇರ್ಪಡಿಸಿ, ಎಂದಿನ ಮೇಸ್ತ್ರಿಯ ಬದಲು ಟಿಪ್ಪಣಿ ಬರೆದುಕೊಳ್ಳುವ ವೀಕ್ಷಕನೊಬ್ಬನನ್ನು ಜೊತೆಗಿರಿಸಿ, ಒಂದು ಸಣ್ಣ ಕೋಣೆಯಲ್ಲಿ ಕೂರಿಸಲಾಯಿತು. ಬಿಡುವಿನ ಹೊತ್ತನ್ನು ಕೊಟ್ಟು ನೋಡಿದರು, ಹಿಂತೆಗೆದುಕೊಂಡೂ ನೋಡಿದರು. ಒಟ್ಟಿನಲ್ಲಿ ಉತ್ಪಾದನೆ ಏರುತ್ತಲೇ ಹೋಯಿತು. ಅಲ್ಲಿ ಬಾಸ್ ಎನ್ನುವವರಿಲ್ಲ, ಮಾತಾಡಿಕೊಂಡು ಕೆಲಸ ಮಾಡಬಹುದು ಎಂಬುದು ಆ ಕೋಣೆ ಅವರಿಗೆ ಹಿಡಿಸಲು ಒಂದು ಕಾರಣವಾಗಿತ್ತು. ಇದನ್ನೇ ಹಿಡಿದುಕೊಂಡು ‘ಬಾಸ್ ಇಲ್ಲದಿದ್ದರೆ ಕೆಲಸ ಹೆಚ್ಚು’ ಎಂದು ಘೋಷಿಸುವುದು ಆತುರವಾದೀತು. ಸಣ್ಣ ಗುಂಪಿನ ದುಡಿಮೆಗೆ ತಕ್ಕಂತೆ ಕೂಲಿ ಲೆಕ್ಕ ಹಾಕುವ ಪದ್ಧತಿಯೂ ಅಲ್ಲಿ ಬಂದಿತ್ತು, ಮತ್ತು ಮಾತು ಮಿತಿಮೀರಿತೆಂದು ಇಬ್ಬರನ್ನು ನಡುವೆ ಬದಲಾಯಿಸಲಾಗಿತ್ತು. ಸ್ವಾತಂತ್ರ್ಯ ಕೊಟ್ಟವರು ಹಗ್ಗದ ತುದಿಯನ್ನು ಕೈಬಿಟ್ಟಿರಲಿಲ್ಲ.

ಅದೇ ಕಾರ್ಖಾನೆಯ ಇನ್ನೊಂದು ಕೋಣೆಯ ಕಥೆ ನಿಮ್ಮ ವಿಭಾಗಕ್ಕೆ ಹೆಚ್ಚು ಒಪ್ಪುತ್ತದೆ. 1931–32ರಲ್ಲಿ ತಂತಿ ಜೋಡಿಸುವ ಕೋಣೆಯ ಹದಿನಾಲ್ಕು ಮಂದಿ ಗಂಡಸರನ್ನು ವೀಕ್ಷಿಸಲಾಯಿತು. ಅವರ ನಡುವೆ ತಮಾಷೆ, ಪಂದ್ಯ ಕಟ್ಟುವುದು, ನಿಯಮಕ್ಕೆ ವಿರುದ್ಧವಾಗಿ ಕೆಲಸ ಅದಲುಬದಲು ಮಾಡಿಕೊಳ್ಳುವುದು, ಎಲ್ಲವೂ ನಡೆಯುತ್ತಿತ್ತು. ಮೇಲಿನ ದರ್ಜೆಯವರು ಬಂದಷ್ಟೂ ಗಾಂಭೀರ್ಯ ಹೆಚ್ಚುತ್ತಿತ್ತು. ಆದರೆ ಅಧಿಕಾರಿಗಳು ಇಲ್ಲದ ಹೊತ್ತಿನಲ್ಲೂ ಅವರು ಸ್ವತಂತ್ರರಾಗಿರಲಿಲ್ಲ. ದಿನಕ್ಕೆ ಎಷ್ಟು ಕೆಲಸ ಮಾಡಿದರೆ ಸಾಕೆಂದು ಗುಂಪು ತಾನೇ ನಿಗದಿಪಡಿಸಿಕೊಂಡಿತ್ತು. ಅದಕ್ಕಿಂತ ಹೆಚ್ಚು ಮಾಡಿದವನಿಗೆ ಗೇಲಿ, ಒಮ್ಮೊಮ್ಮೆ ತೋಳಿಗೆ ಗುದ್ದು. ತೀರ ಕಡಿಮೆ ಮಾಡಿದವನಿಗೂ ಮರ್ಯಾದೆಯಿಲ್ಲ. ಮೇಲಿನವರಿಗೆ ಚಾಡಿ ಹೇಳುವವನಂತೂ ಯಾರಿಗೂ ಬೇಡವಾದವನು.

ಬಾಸ್ ಇಲ್ಲದ ದಿನದ ಮೋಜಿನಲ್ಲಿ ನಾವು ಗಮನಿಸದೆ ಹೋಗುವುದು ಇದನ್ನೇ. ಒಬ್ಬರ ಕಣ್ಗಾವಲು ಹೋದ ಜಾಗಕ್ಕೆ ಜೊತೆಗಾರರ ಕಣ್ಗಾವಲು ಬಂದು ಕೂತಿರುತ್ತದೆ. ನಿಮ್ಮ ವಿಭಾಗದಲ್ಲೂ ಕಾಫಿಗೆ ಬರಲು ಮನಸ್ಸಿಲ್ಲದ ಒಬ್ಬರು, ಸಂಜೆಯವರೆಗೆ ಕೂತು ಕೆಲಸ ಮುಗಿಸಬೇಕೆನ್ನುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ‘ಬಾಸ್‌ನ ಚಮಚಾ’ ಎಂದು ಛೇಡಿಸಿ ಎಬ್ಬಿಸಿಕೊಂಡು ಹೋದರೆ ಆ ದಿನದ ಸ್ವಾತಂತ್ರ್ಯ ಅವರ ಪಾಲಿಗಂತೂ ಇಲ್ಲ. ಪ್ರಭಾರ ವಹಿಸಿಕೊಂಡವರ ಪಾಡು ಇನ್ನೂ ವಿಚಿತ್ರ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬಂತೆ ಅವರಿಗೆ ಹೊಣೆ ಇರುತ್ತದೆ, ಆದರೆ ಅಧಿಕಾರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಳೆ ಉತ್ತರ ಹೇಳಬೇಕಾದವರೂ ಅವರೇ ಆಗಿರುವುದರಿಂದ, ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಅವರಿಗೆ ಹೇಳಿ ಹೋಗುವುದು ಕನಿಷ್ಠ ಸೌಜನ್ಯ.

ಇನ್ನು ನಿಯಮದ ಮಾತು. ಊಟದ ಬಿಡುವು ಬಾಸ್ ರಜೆ ಹಾಕಿದ ದಿನ ಮಾತ್ರ ಸಿಗುವ ಪ್ರಸಾದವೇನಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಗೆ ಬರುವ ನೌಕರರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಸಾಮಾನ್ಯ ಮಿತಿ ಇದೆ. ಸತತ 5 ಗಂಟೆಗಿಂತ ಹೆಚ್ಚು ದುಡಿಸುವ ಮೊದಲು ಕನಿಷ್ಠ 1 ಗಂಟೆಯ ವಿಶ್ರಾಂತಿ ಕೊಡಬೇಕೆಂಬ ನಿಯಮವೂ ಇದೆ. ಎಂದಿನ ದಿನಗಳಲ್ಲಿ ಹೆದರಿ ಹದಿನೈದು ನಿಮಿಷಕ್ಕೆ ಡಬ್ಬಿ ಮುಚ್ಚುವವರು, ಸಾಹೇಬರಿಲ್ಲದ ದಿನ ನಿಧಾನವಾಗಿ ಉಂಡು ತಪ್ಪು ಮಾಡಿದೆವೆಂದು ಕೊರಗುವುದಾದರೆ, ತಪ್ಪನ್ನು ಹುಡುಕಬೇಕಾದದ್ದು ಉಳಿದ ದಿನಗಳಲ್ಲಿ.

ಸರ್ಕಾರಿ ಕಚೇರಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಸಾಹೇಬರಿಲ್ಲದ ದಿನದ ಮೋಜಿನ ಬೆಲೆಯನ್ನು ಕಟಕಟೆಯ ಹೊರಗೆ ನಿಂತವರು ತೆರುತ್ತಾರೆ. ‘ಸಾಹೇಬರಿಲ್ಲ, ನಾಳೆ ಬನ್ನಿ’ ಎಂಬ ಮಾತು ಸಹಿ ಬೇಕಾದ ಕಾಗದಕ್ಕೆ ಸರಿಯಿರಬಹುದು. ಅರ್ಜಿ ಸ್ವೀಕರಿಸುವುದಕ್ಕೆ, ದಾಖಲೆ ಪರಿಶೀಲಿಸುವುದಕ್ಕೆ ಸಾಹೇಬರೇಕೆ ಬೇಕು? ಕರ್ನಾಟಕದಲ್ಲಿ ‘ಸಕಾಲ’ ಎಂದು ಹೆಸರಾದ 2011ರ ಕಾಯ್ದೆ ನಿಗದಿತ ಸೇವೆಗಳಿಗೆ ಗಡುವು ಹಾಕಿದ್ದು, ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಅವಕಾಶ ಕಲ್ಪಿಸಿದೆ. ಮೊತ್ತ ಸಣ್ಣದು. ಹಳ್ಳಿಯಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದವರ ನಷ್ಟಕ್ಕೆ ಅದು ಸಾಟಿಯೂ ಅಲ್ಲ.

ಕೊನೆಗೆ, ಆ ಅರ್ಧ ಗಂಟೆ. ನಿಮ್ಮಲ್ಲಿ ಕೆಲಸ ಮುಗಿದ ಮೇಲೆ ಹೊರಡುವ ರೂಢಿ ಇದ್ದು, ಬಾಸ್ ಇದ್ದಾಗಲೂ ಹಾಗೆಯೇ ಹೊರಡುತ್ತಿದ್ದರೆ ಯಾವ ತಕರಾರೂ ಇಲ್ಲ. ಅವರಿದ್ದಾಗ ಸಾಧ್ಯವಿಲ್ಲದ್ದು ಅವರಿಲ್ಲದಾಗ ಮಾತ್ರ ನಡೆಯುತ್ತಿದೆ ಎಂದಾದರೆ, ಅದನ್ನು ಒಮ್ಮೆ ಅವರ ಮುಂದೆಯೇ ಕೇಳಿ ನೋಡಬಹುದು: ಕೆಲಸ ಮುಗಿದ ಶುಕ್ರವಾರ ಬೇಗ ಹೊರಡಬಹುದೇ ಎಂದು. ಒಪ್ಪುವ ಮ್ಯಾನೇಜರುಗಳು ನಾವೆಣಿಸಿದ್ದಕ್ಕಿಂತ ಹೆಚ್ಚು. ಒಪ್ಪದಿದ್ದರೆ ಅರ್ಧ ದಿನದ ರಜೆ ಹಾಕಿ ಹೋಗಿ. ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹಾಕುವ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಉಜ್ಜುವ ಉಪಕಾರಕ್ಕೆ ಮಾತ್ರ ಇಳಿಯಬೇಡಿ. ಅದು ಸುಳ್ಳು ದಾಖಲೆಯಾಗುತ್ತದೆ, ಮತ್ತು ವಿಚಾರಣೆ ಬಂದಾಗ ಹೊರಟುಹೋದವರ ಜೊತೆಗೆ ಉಪಕಾರ ಮಾಡಿದವರೂ ಉತ್ತರ ಹೇಳಬೇಕಾಗುತ್ತದೆ.