ಮರುಭೂಮಿಯ ಚಿತ್ರದಲ್ಲಿ ಆಕಾಶ ಎಷ್ಟು ಬೆಳಗಬೇಕು?

ರಾಜಸ್ಥಾನದ ಪ್ರವಾಸ ಮುಗಿಸಿ ಬಂದವರು ದಾವಣಗೆರೆಯ ನಮ್ಮ ಚಿತ್ರಕಲಾ ತರಗತಿಗೆ ತರುವ ಮರುಭೂಮಿಯ ಚಿತ್ರಗಳಲ್ಲಿ ಮರಳು ಬಹುಮಟ್ಟಿಗೆ ಕಿತ್ತಳೆ ಬಣ್ಣದ್ದಾಗಿಯೂ ಆಕಾಶ ತೆಳುನೀಲಿಯಾಗಿಯೂ ಇರುತ್ತದೆ. ಅಲ್ಲಿ ಕಣ್ಣು ಕೋರೈಸಿದ್ದ ಬಿಸಿಲು ಕಾಗದದ ಮೇಲೆ ಬಂದಿಲ್ಲವೆಂದು ಅವರೇ ಹೇಳುತ್ತಾರೆ, ಹೇಳಿ ಇನ್ನಷ್ಟು ಕಿತ್ತಳೆ ಬಳಿಯುತ್ತಾರೆ. ತೊಡಕಿನ ಮೂಲವಿರುವುದು ಟೋನ್‌ನಲ್ಲಿ, ಅಂದರೆ ನೆಲ ಮತ್ತು ಆಕಾಶಗಳಲ್ಲಿ ಯಾವುದು ಹೆಚ್ಚು ಬೆಳಗಿದೆ ಎಂಬ ಲೆಕ್ಕದಲ್ಲಿ.

ಭದ್ರಾ ನಾಲೆಯ ಗದ್ದೆಗಳನ್ನೂ ಎರೆ ಹೊಲಗಳನ್ನೂ ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಆಕಾಶವು ನೆಲಕ್ಕಿಂತ ಬೆಳಗಿರುವುದೇ ರೂಢಿ. ಒದ್ದೆಯಾದ ಎರೆಮಣ್ಣು ತನ್ನ ಮೇಲೆ ಬಿದ್ದ ಬಿಸಿಲಿನ ಹತ್ತನೆಯ ಒಂದು ಪಾಲಿನಷ್ಟನ್ನು ಮಾತ್ರ ಹಿಂದಕ್ಕೆ ಚೆಲ್ಲಿದರೆ, ಒಣಗಿದ ತಿಳಿಬಣ್ಣದ ಮರಳು ಸುಮಾರು ಮೂರನೆಯ ಒಂದು ಪಾಲನ್ನು ಚೆಲ್ಲುತ್ತದೆ. ಹೀಗಾಗಿ ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಣ್ಣೆಗಳ ಮೇಲೆ ನಡುಹಗಲಿನಲ್ಲಿ ನಿಂತರೆ, ನಿರ್ಮಲವಾದ ನೀಲಿ ಆಕಾಶಕ್ಕಿಂತ ಮರಳೇ ಹೆಚ್ಚು ಬೆಳಗಿರುತ್ತದೆ. ಜಲವರ್ಣದಲ್ಲಿ ಇದನ್ನು ತರಲು ಬಿಸಿಲು ಬಿದ್ದ ಮರಳಿಗೆ ನೀರು ಹೆಚ್ಚಿರುವ, ಮಣ್ಣಿನ ಹಳದಿಯಾದ ಯೆಲ್ಲೋ ಓಕರ್‌ನ ಒಂದು ಲೇಪ ಸಾಕು, ಗಾಢವಾಗಬೇಕಾದದ್ದು ಆಕಾಶ. ದಿಗಂತದ ಬಳಿ ಮಾತ್ರ ಅದು ಧೂಳಿನಿಂದ ಮಾಸುತ್ತದೆ. ದೂರದ್ದನ್ನೆಲ್ಲ ನೀಲಿಯಾಗಿಸಬೇಕೆಂದು ನಾವು ಕಲಿಸುವ ಪಾಠ ಧೂಳೆದ್ದ ದಿನ ಅಲ್ಲಿ ನಡೆಯುವುದಿಲ್ಲ, ಏಕೆಂದರೆ ದೊಡ್ಡ ಕಣಗಳ ಧೂಳು ದೂರವನ್ನು ಮಂಕು ಹಳದಿಗೆ ತಿರುಗಿಸುತ್ತದೆ.

ದಿಣ್ಣೆಯ ಆಕಾರವೂ ನಮ್ಮ ಗುಡ್ಡದಂತೆ ಎರಡೂ ಬದಿ ಸಮನಾಗಿರುವುದಿಲ್ಲ. ಗಾಳಿ ಏರಿಬರುವ ಬದಿ 10ರಿಂದ 15 ಡಿಗ್ರಿಯಷ್ಟು ಇಳಿಜಾರಾಗಿದ್ದರೆ, ಮರಳು ಜಾರಿ ಬೀಳುವ ಬದಿ 32ರಿಂದ 34 ಡಿಗ್ರಿಯವರೆಗೆ ಕಡಿದಾಗಿರುತ್ತದೆ. ಇವೆರಡೂ ಕೂಡುವ ನೆತ್ತಿಯ ಗೆರೆಯನ್ನು ಚೂಪಾಗಿ ಬಿಡಿಸದಿದ್ದರೆ ಅದು ಮರಳಿನ ರಾಶಿಯಷ್ಟೇ ಆಗುತ್ತದೆ. ಕಡಿದಾದ ಬದಿಯ ನೆರಳಿಗೆ ಮೇಲಿನಿಂದ ಆಕಾಶದ ನೀಲಿಯೂ ಕೆಳಗಿನಿಂದ ಬಿಸಿಲ ಮರಳಿನ ಹೊಂಬಣ್ಣವೂ ಸೇರುವುದರಿಂದ, ಗಾಢನೀಲಿಯ ಅಲ್ಟ್ರಾಮರೀನ್‌ಗೆ ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಬೆರೆಸಿ, ತಳಕ್ಕೆ ಬಂದಂತೆ ಕಂದನ್ನು ಹೆಚ್ಚಿಸುತ್ತ ಹೋಗಬೇಕು. ಅಲ್ಟ್ರಾಮರೀನ್‌ನ ಕಣಗಳು ಒರಟು ಕಾಗದದ ಗುಳಿಗಳಲ್ಲಿ ಕೂರುವುದರಿಂದ ಮರಳಿನ ತರಿಯೂ ತಾನಾಗಿ ಬರುತ್ತದೆ. ಕಪ್ಪು ಬಣ್ಣದ ಟ್ಯೂಬನ್ನು ಮುಟ್ಟದಿರುವುದೇ ಒಳ್ಳೆಯದು.

ಆ ಕಪ್ಪು ಬರುವುದು ಹೆಚ್ಚಾಗಿ ಮೊಬೈಲ್ ಫೋಟೊಗಳಿಂದ. ಕ್ಯಾಮೆರಾ ಬೆಳಗಿದ ಮರಳಿಗೆ ಹೊಂದಿಕೊಂಡಾಗ ನೆರಳು ಕಪ್ಪಿಟ್ಟುಹೋಗುತ್ತದೆ, ಸಂಜೆಯ ಬಣ್ಣಗಳೂ ಕೆಲವೊಮ್ಮೆ ಇದ್ದದ್ದಕ್ಕಿಂತ ಹೆಚ್ಚು ಕೆಂಪಾಗುತ್ತವೆ. ಆದ್ದರಿಂದ ಪ್ರವಾಸದಲ್ಲಿ ಅಂಗೈ ಅಗಲದ ಪೆನ್ಸಿಲ್ ಸ್ಕೆಚ್ ಮಾಡಿ, ಅದರ ಅಂಚಿನಲ್ಲಿ ‘ಆಕಾಶ ಮರಳಿಗಿಂತ ಗಾಢ, ನೆರಳು ಆಕಾಶಕ್ಕಿಂತ ಗಾಢ’ ಎಂದು ಮಾತಿನಲ್ಲೇ ಬರೆದುಕೊಳ್ಳಿರೆಂದು ನಾನು ಹೇಳುತ್ತೇನೆ. ಫ್ರಾನ್ಸಿನ ಕಲಾವಿದ ಡೆಲಕ್ರ್ವಾ 1832ರ ಮೊರಾಕೊ ಪ್ರವಾಸದಲ್ಲಿ ಸ್ಕೆಚ್‌ಗಳ ಪಕ್ಕದಲ್ಲಿ ಹೀಗೆಯೇ ಬಣ್ಣಗಳ ಹೆಸರು ಬರೆದುಕೊಂಡಿದ್ದರು, ಮತ್ತು ಪ್ಯಾರಿಸ್ಸಿನಲ್ಲಿ ಕುಳಿತು ಆ ಸ್ಕೆಚ್ ಪುಸ್ತಕಗಳ ನೆರವಿನಿಂದ ದಶಕಗಳ ಕಾಲ ಚಿತ್ರ ಬಿಡಿಸಿದರು. ಸಣ್ಣಪುಟ್ಟ ವಿವರಗಳು ಮರೆತ ಮೇಲೆಯೇ ಆಫ್ರಿಕದ ಚಿತ್ರಗಳು ತಕ್ಕಮಟ್ಟಿಗೆ ಕೈಗೂಡಿದವೆಂದು ಅವರು ದಿನಚರಿಯಲ್ಲಿ ಬರೆದಿದ್ದಾರೆ. ಪ್ರವಾಸದ ಚಿತ್ರವನ್ನು ಬಂದ ವಾರವೇ ಬಿಡಿಸಲು ಅವಸರಪಡುವವರಿಗೆ ಇದನ್ನು ನೆನಪಿಸಬೇಕೆನಿಸುತ್ತದೆ.

ನೆನಪನ್ನು ಒರೆಹಚ್ಚಲು ಮತ್ತೆ ಥಾರ್‌ಗೆ ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ಚಳ್ಳಕೆರೆ ತಾಲ್ಲೂಕಿನ ಕಡೆ ವೇದಾವತಿಯ ಒಣ ಪಾತ್ರದಲ್ಲಿ ನಿಂತು, ಸೂರ್ಯನಿಗೆ ಬೆನ್ನು ಮಾಡಿ, ಕಣ್ಣು ಕಿರಿದಾಗಿಸಿ ಮರಳನ್ನೂ ಆಕಾಶವನ್ನೂ ಹೋಲಿಸಬಹುದು. ದಿಣ್ಣೆಗಳ ಆಕಾರ ಅಲ್ಲಿ ಸಿಗುವುದಿಲ್ಲ, ಆದರೆ ರಾಜಸ್ಥಾನದಲ್ಲಿ ಖೇಜ್ರಿ ಎನ್ನುವ ಮರವೇ ನಮ್ಮ ಬನ್ನಿಯಾದ್ದರಿಂದ ಮರದ ಅಭ್ಯಾಸಕ್ಕೆ ನಮ್ಮ ಸೀಮೆಯೇ ಸಾಕು. ಒಣಹವೆಯಲ್ಲಿ ಜಲವರ್ಣ ಬೇಗ ಆರುವುದರಿಂದ, ಆಕಾಶದ ಲೇಪ ಹಾಕುವ ಮುಂಚೆ ಕಾಗದದ ಎರಡೂ ಬದಿಗೆ ನೀರು ಹಚ್ಚಿಕೊಳ್ಳಿ.